ಬೋರಲು ಮಲಗಿ ಕೇಳಿದ ಕಥೆ

ಹೊಸ ಪುಸ್ತಕದ ವಾಸನೆಗೆ ಮರುಳಾಗುವವರು ನೀವೂ ಆಗಿದ್ದರೆ ನನ್ನ ಅವಸ್ಥೆ ನಿಮಗೆ ಅರ್ಥವಾಗುತ್ತದೆ. ಮೊನ್ನೆ ಶಿವಮೊಗ್ಗದ ಸವಳಂಗ ರಸ್ತೆಯ ಪುಸ್ತಕದಂಗಡಿಯೊಂದರಲ್ಲಿ, ಹದಿಹರೆಯದವರ ಕಾದಂಬರಿಗಳ ಕಪಾಟಿನ ಮುಂದೆ ಪುಸ್ತಕವೊಂದನ್ನು ಮೂಗಿಗೆ ಹಿಡಿದು ನಿಂತಿದ್ದೆ. ಮುಖಪುಟದಲ್ಲಿ ಎರಡು ತಲೆಯ ಹಕ್ಕಿ, ಹಿಂದೆ ಉರಿಯುವ ಕೋಟೆ.

"ಮಗಳಿಗಾ ಮೇಡಂ?" ಎಂದಳು ಅಂಗಡಿಯ ಹುಡುಗಿ.

"ಹೂಂ, ಒಂಬತ್ತನೇ ಕ್ಲಾಸು" ಎಂದೆ. ನನಗೆ ಮಗಳಿಲ್ಲ. ಮದುವೆಯೂ ಆಗಿಲ್ಲ. ಮೂವತ್ತು ದಾಟಿದ ಮೇಲೂ ಮಾಯಾಲೋಕದ ಕಥೆ ಓದುತ್ತೇನೆ ಎಂದು ಒಪ್ಪಿಕೊಳ್ಳಲಾರದೆ ಒಬ್ಬ ಮಗಳನ್ನೇ ಹುಟ್ಟಿಸಿಕೊಂಡೆ, ಅಷ್ಟೆ. ಪುಟ ತಿರುವಿದರೆ, ಹೊಸ ಕಾಗದದ ವಾಸನೆಯ ಒಳಗಿನಿಂದ ಸ್ಪಿರಿಟ್ಟು ಮತ್ತು ಹತ್ತಿಯ ವಾಸನೆ ಬಂದಂತಾಯಿತು. ಪುಸ್ತಕವನ್ನು ಅಲ್ಲೇ ಇಟ್ಟುಬಿಟ್ಟೆ. ಭದ್ರಾವತಿಯ ದೊಡ್ಡಮ್ಮ ನೆನಪಾಗಿದ್ದರು.

ಸರೋಜ ದೊಡ್ಡಮ್ಮ ನನ್ನ ಅಪ್ಪನ ಅಣ್ಣನ ಹೆಂಡತಿ. ದೊಡ್ಡಪ್ಪ ಕಾರ್ಖಾನೆಯಿಂದ ನಿವೃತ್ತರಾದ ಮೇಲೂ ಹಳೆಯ ಕ್ವಾರ್ಟರ್ಸಿನಲ್ಲೇ ಉಳಿದುಕೊಂಡಿದ್ದರು. ಆ ಸಾಲಿನಲ್ಲಿ ಜನವಿದ್ದದ್ದು ಅವರ ಮನೆಯಲ್ಲಿ ಮತ್ತು ತುದಿಯ ಒಂದು ತಮಿಳರ ಮನೆಯಲ್ಲಿ ಮಾತ್ರ. ಉಳಿದ ಮನೆಗಳ ಕಿಟಕಿಯೊಳಗಿಂದ ಗಿಡಗಳು ಕೈ ಹೊರಗೆ ಚಾಚಿದ್ದವು. ಮಧ್ಯಾಹ್ನ ಅಲ್ಲಿ ಒಂದು ಸ್ಕೂಟರು ಹೋದರೆ ಅದರ ಸದ್ದು ಖಾಲಿ ಕೋಣೆಗಳನ್ನೆಲ್ಲ ಹೊಕ್ಕು ಹೊರಬರುತ್ತಿತ್ತು.

ಕೆಲವು ವರ್ಷಗಳ ಹಿಂದೆ ದೊಡ್ಡಮ್ಮನ ಬಲಗಣ್ಣಿನ ಒಳಪರದೆ ಕಳಚಿತು. ಶಿವಮೊಗ್ಗದಲ್ಲಿ ಆಪರೇಷನ್ನಾಯಿತು. ಕಣ್ಣೊಳಗೆ ಗಾಳಿಯ ಗುಳ್ಳೆ ಬಿಟ್ಟಿದ್ದೇವೆ, ಅದು ಪರದೆಯನ್ನು ಒತ್ತಿ ಹಿಡಿಯಬೇಕು, ಹಾಗಾಗಿ ಮುಖ ಕೆಳಗೆ ಮಾಡಿ ಬೋರಲು ಮಲಗಿರಬೇಕು ಎಂದರು ಡಾಕ್ಟರು. ಎಡಗಣ್ಣು ಮೊದಲೇ ಹೋಗಿತ್ತು. ಇದೂ ಹೋದರೆ ಕತ್ತಲೆಯೇ. ನಾನಾಗ ಬಿ.ಎಡ್. ಮುಗಿಸಿ ಶಿವಮೊಗ್ಗದ ಹೊಸಮನೆ ಬಡಾವಣೆಯ ನಮ್ಮ ಮನೆಯಲ್ಲಿ ಕೆಲಸವಿಲ್ಲದೆ ಕೂತಿದ್ದೆ. "ಹ್ಯಾಗೂ ಓದ್ತಾ ಬಿದ್ಕೊಂಡಿರ್ತೀಯಲ್ಲ, ಅಲ್ಲೇ ಹೋಗಿ ಬಿದ್ಕೋ" ಎಂದು ಅಮ್ಮ ಬಸ್ಸು ಹತ್ತಿಸಿದಳು.

ದೊಡ್ಡಮ್ಮ ಎರಡು ದಿಂಬುಗಳ ನಡುವಿನ ಸಂದಿನಲ್ಲಿ ಮುಖವಿಟ್ಟು ಮಲಗಿದ್ದರು. ನನಗೆ ಕಾಣುತ್ತಿದ್ದದ್ದು ಅವರ ಬಿಳಿ ಜಡೆ ಮಾತ್ರ. ಮಾತು ಮಂಚದ ಅಡಿಯಿಂದ ಬರುತ್ತಿತ್ತು. ಮುಖ ಕಾಣದ ಮಾತಿಗೆ ಉತ್ತರ ಕೊಟ್ಟು ನೋಡಿ, ಸ್ವಲ್ಪ ಹೊತ್ತಿಗೆ ನೀವೂ ನೆಲದ ಜೊತೆ ಮಾತಾಡತೊಡಗುತ್ತೀರಿ.

"ಬೇಜಾರು ಕಣೆ. ಅದೇನೋ ಓದ್ತೀಯಲ್ಲ, ಜೋರಾಗಿ ಓದು."

ನಾನು ಓದುತ್ತಿದ್ದದ್ದು ಮೂರು ಸಂಪುಟಗಳ ಇಂಗ್ಲಿಷ್ ಸರಣಿ. ಸರೋವರದ ಅಡಿಯಲ್ಲಿ ಮುಳುಗಿದ ಒಂದು ಪಟ್ಟಣ. ಅಲ್ಲಿಗೆ ಇಳಿಯುವ ಮೆಟ್ಟಿಲು ಒಬ್ಬ ಹುಡುಗಿಗೆ ಮಾತ್ರ ಕಾಣುತ್ತದೆ. ಆದರೆ ಇಳಿದ ಪ್ರತಿ ಸಲವೂ ಅವಳು ಮೇಲಿನ ಲೋಕದ ಒಬ್ಬರನ್ನು ಮರೆಯುತ್ತಾಳೆ. ಇದನ್ನು ಬಾಯಿಗೆ ಬಂದ ಕನ್ನಡದಲ್ಲಿ ಹೇಳುತ್ತಾ ಹೋದೆ. ನನ್ನ ಅನುವಾದದಲ್ಲಿ ಅಲ್ಲಿನ ಕಾವಲುಗಾರರು ಅವಲಕ್ಕಿ ತಿನ್ನುತ್ತಿದ್ದರು, ರಾಣಿ "ಏನೇ ನಿಂದು ಗಲಾಟೆ" ಎನ್ನುತ್ತಿದ್ದಳು. ದೊಡ್ಡಮ್ಮ ನಕ್ಕರೆ ಮಂಚ ಅಲುಗುತ್ತಿತ್ತು. ಎರಡನೆಯ ಸಂಪುಟದ ಹೊತ್ತಿಗೆ ಅವರಿಗೆ ಊಟಕ್ಕಿಂತ ಕಥೆ ಬೇಕಾಯಿತು.

ಒಂದು ಮಧ್ಯಾಹ್ನ ಅವರು, "ನಂಗೆ ನೀರು ಕಾಣ್ತಿದೆ ಮಾರಾಯ್ತಿ" ಎಂದರು. ಗುಳ್ಳೆ ಇರುವವರೆಗೆ ಹಾಗೇ ಕಾಣುತ್ತದೆ ಎಂದು ಡಾಕ್ಟರು ಮೊದಲೇ ಹೇಳಿದ್ದರು. ನಾನೂ ಹಾಗೇ ಅಂದೆ.

"ಅದಲ್ವೇ. ನೀರಿನಡಿ ನಮ್ಮನೆ ಜಗಲಿ ಕಾಣ್ತಿದೆ."

ಆಗಲೇ ನನಗೆ ತಿಳಿದದ್ದು. ದೊಡ್ಡಮ್ಮನ ಹುಟ್ಟೂರು ಶರಾವತಿಯ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿತ್ತಂತೆ. ಆಗ ಅವರು ಲಂಗ ಉಡುವ ಹುಡುಗಿ. ಇಷ್ಟು ವರ್ಷ ಮನೆಯಲ್ಲಿ ಯಾರೂ ಆ ಮಾತು ಎತ್ತಿದ್ದಿಲ್ಲ.

ಮರುದಿನ ಮೂರನೆಯ ಸಂಪುಟ ಶುರುಮಾಡಿದೆ. ಹುಡುಗಿ ಮತ್ತೆ ಇಳಿಯುತ್ತಿದ್ದಳು. ಹಿತ್ತಿಲಲ್ಲಿ ದೊಡ್ಡಪ್ಪ ಕೆಮ್ಮಿದರು.

"ಯಾರೇ ಅದು ಕೆಮ್ಮೋದು?"

"ದೊಡ್ಡಪ್ಪ."

"ಯಾರ ದೊಡ್ಡಪ್ಪ?"

ತಮಾಷೆ ಎಂದುಕೊಂಡು ಕಾದೆ. ಮಂಚ ಅಲುಗಲಿಲ್ಲ. "ಯಾರದು?" ಎಂದು ಮತ್ತೆ ಕೇಳಿದರು, ಪರಿಚಯವಿಲ್ಲದ ಊರಲ್ಲಿ ವಿಳಾಸ ಕೇಳುವವರಂತೆ.

ದೊಡ್ಡಪ್ಪ ಡಾಕ್ಟರಿಗೆ ಫೋನು ಮಾಡಿದರು. ವಯಸ್ಸಾದವರು ನಿದ್ದೆಗೆಟ್ಟು ಹೀಗೆ ಮಲಗಿದ್ದರೆ ಒಂದೊಂದು ಸಲ ಗೊಂದಲವಾಗುತ್ತದೆ, ನಾಳೆ ಕರೆತನ್ನಿ ಎಂದರಂತೆ. ಸಮಾಧಾನದ ಮಾತೇ. ಆದರೆ ಡಾಕ್ಟರು ಆ ಸರಣಿ ಓದಿರಲಿಲ್ಲವಲ್ಲ. ನಾನು ಪುಸ್ತಕ ಮುಚ್ಚಿದೆ. ಇನ್ನು ಓದುವುದಿಲ್ಲ ಎಂದೆ.

"ಬೇಡ ಬಿಡು" ಎಂದಿತು ಮಂಚದ ಅಡಿಯ ದನಿ. ಆಮೇಲೆ ತಾನೇ ಹೇಳತೊಡಗಿತು, ನಾನು ಓದಿರದ ಮುಂದಿನ ಅಧ್ಯಾಯವನ್ನು. ಹುಡುಗಿ ಒಂದು ಮನೆಯ ಮುಂದೆ ನಿಂತಿದ್ದಾಳೆ. ಒಳಗಿನಿಂದ ಒಬ್ಬ ಮುದುಕಿ ಬಂದು, ನಿನ್ನ ಹೆಸರೇನು, ಹೆಸರು ಹೇಳಿ ಒಳಗೆ ಬಾ ಎನ್ನುತ್ತಾಳೆ. ಹುಡುಗಿಗೆ ಹೆಸರು ನೆನಪಾಗುತ್ತಿಲ್ಲ. ನೆನಪಾದರೆ ಒಳಗೆ ಹೋಗಿಬಿಡುತ್ತಾಳೆ, ಮತ್ತೆ ಮೇಲೆ ಬರುವುದಿಲ್ಲ. ದನಿ ಸಣ್ಣದಾಗುತ್ತಾ, ದೂರವಾಗುತ್ತಾ ಹೋಯಿತು. "ನೆನಪಾಯ್ತು. ಗುಲಾಬಿ" ಎಂದಿತು.

ಏನು ತೋಚಿತೋ, ನೆಲಕ್ಕೆ ಬಿದ್ದು ಮಂಚದ ಅಡಿ ತಲೆ ತೂರಿಸಿ ಕಿರುಚಿದೆ: "ಗುಲಾಬೀ! ಹೋಗ್ಬೇಡ! ಮೇಲೆ ಬಾ!"

ಎದುರಿನ ಖಾಲಿ ಮನೆಗಳು ನನ್ನ ಕೂಗನ್ನು ಒಂದೊಂದಾಗಿ ತಿರುಗಿ ಹೇಳಿದವು. ಅದೆಲ್ಲ ನಿಂತ ಮೇಲೆ ಒಂದು ಉತ್ತರ ಬಂತು. ಲಂಗ ಉಡುವ ಹುಡುಗಿಯ ದನಿ. "ಬಂದೆ."

ದೊಡ್ಡಮ್ಮ ಅತ್ತರು, ಆಮೇಲೆ ಗಾಢವಾಗಿ ನಿದ್ದೆ ಹೋದರು. ಮರುದಿನ ಆಸ್ಪತ್ರೆಯಲ್ಲಿ ಮುಖ ಎತ್ತಲು ಹೇಳಿದರು. ಪರದೆ ಕೂಡಿಕೊಂಡಿತ್ತು. ಡಾಕ್ಟರ ಬೆರಳುಗಳು ಮಸುಕಾಗಿ ಕಂಡವು, ದೊಡ್ಡಪ್ಪನ ಮುಖವೂ. "ಗಡ್ಡ ಮಾಡ್ಕೊಂಡಿಲ್ವಲ್ರೀ" ಎಂದರು. ದೊಡ್ಡಪ್ಪ ಗೋಡೆಗೆ ತಿರುಗಿ ಕಣ್ಣೊರೆಸಿಕೊಂಡರು.

ಆಟೋದಲ್ಲಿ ಬರುವಾಗ ನಾನು, "ದೊಡ್ಡಮ್ಮ, ಗುಲಾಬಿ ಅಂದ್ರೆ ನೀವೇನಾ?" ಎಂದೆ.

ಅವರು ನನ್ನ ಕಡೆ ತಿರುಗಿದರು. "ಮದುವೇಲಿ ನಿಮ್ಮಜ್ಜಿ ಹೆಸರು ಬದಲಾಯ್ಸಿ ಸರೋಜ ಅಂದ್ರು. ನಿಂಗ್ಯಾರು ಹೇಳಿದ್ದು?"

"ನೀವೇ. ನಿನ್ನೆ."

"ನಾನು ಹೇಳಿಲ್ವಲ್ಲೇ" ಎಂದರು. ಹಿಂದಿನ ದಿನದ್ದು ಅವರಿಗೆ ಒಂದೂ ನೆನಪಿರಲಿಲ್ಲ.

ಹೊಸಮನೆಗೆ ಮರಳಿದ ಮೇಲೆ ಮೂರನೆಯ ಸಂಪುಟದ ಉಳಿದ ಭಾಗವನ್ನು ಹಗಲಿನಲ್ಲಿ, ಅಮ್ಮ ಪಕ್ಕದಲ್ಲಿದ್ದಾಗ ಮಾತ್ರ ಓದಿ ಮುಗಿಸಿದೆ. ಆ ಮನೆ ಇತ್ತು, ಮುದುಕಿಯೂ ಇದ್ದಳು, ಹೆಸರು ಕೇಳಿದ್ದೂ ಇತ್ತು. ಇಂಥ ಕಥೆಗಳು ಹೀಗೇ ಸಾಗುತ್ತವೆ, ಕೇಳುತ್ತಾ ಬಂದವರು ಊಹಿಸಬಹುದು ಎಂದು ನನಗೆ ನಾನೇ ಹೇಳಿಕೊಂಡಿದ್ದೇನೆ. ನೀವೂ ಹಾಗೇ ಹೇಳುತ್ತೀರಿ. ಆದರೆ ಪುಸ್ತಕದಲ್ಲಿ ಆ ಹುಡುಗಿಯನ್ನು ಮೇಲಿನಿಂದ ಯಾರೂ ಕೂಗಲಿಲ್ಲ. ಅವಳು ಒಳಗೆ ಹೋದಳು.

ಅಂಗಡಿಯಿಂದ ಬರಿಗೈಯಲ್ಲಿ ಹೊರಬಂದ ನಾನು ಮನೆಗೆ ಹೋಗದೆ ಭದ್ರಾವತಿಯ ಬಸ್ಸು ಹತ್ತಿದೆ. ದೊಡ್ಡಮ್ಮ ಕಿಟಕಿಯ ಬೆಳಕಿನಲ್ಲಿ ಅಕ್ಕಿ ಆರಿಸುತ್ತಿದ್ದವರು ನನ್ನನ್ನು ನೋಡಿ ನಕ್ಕರು. ಜೀವನವಿಡೀ ಹೆಂಡತಿಯನ್ನು "ಇವಳೇ" ಎಂದೇ ಕರೆದ ದೊಡ್ಡಪ್ಪ, ನನ್ನ ಆ ಕೂಗು ಕೇಳಿದಂದಿನಿಂದ ಅವರನ್ನು ಹಳೆಯ ಹೆಸರಿನಿಂದಲೇ ಕರೆಯುತ್ತಾರೆ. ಹಿತ್ತಿಲಿನಿಂದ "ಗುಲಾಬೀ" ಎಂದರು. ದೊಡ್ಡಮ್ಮನ ಕೈ ಮೊರದ ಮೇಲೆ ನಿಂತಿತು. "ಬಂದೆ" ಎಂದು ಅವರು ಓಗೊಡುವುದು ಯಾವಾಗಲೂ ಸ್ವಲ್ಪ ತಡವಾಗಿ. ಅಷ್ಟು ಹೊತ್ತೂ ನಾವಿಬ್ಬರೂ, ಹಿತ್ತಿಲಲ್ಲಿ ದೊಡ್ಡಪ್ಪ, ಒಳಗೆ ನಾನು, ಉಸಿರು ಹಿಡಿದು ನಿಂತಿರುತ್ತೇವೆ.