ನಿಧಾನಮ್ಮನ ಕಿಟಕಿ

ಆಸ್ಪತ್ರೆಯ ದಾಖಲೆ ವಿಭಾಗದ ಕ್ಲರ್ಕ್ ಮೇಡಂಗೆ, ಸಾಲಿನಲ್ಲಿ ನಿಂತು ಕಾಲು ಸೋತ ನಾವು ಇಟ್ಟ ಹೆಸರು ನಿಧಾನಮ್ಮ. ಮಗುವಿನ ಚಿಕಿತ್ಸೆಯ ಕಡತ ಭತ್ಯೆ ಕೊಡುವ ಕಚೇರಿಗೆ ಹೋಗಬೇಕಾದರೆ ಹೆತ್ತವರು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಕು. ಬೇರೆ ಕಡೆಯಾದರೆ "ಇಲ್ಲೊಂದು, ಇಲ್ಲೊಂದು" ಎಂದು ಬೆರಳು ತೋರಿಸಿ ಮುಗಿಸುತ್ತಾರೆ. ಇವರು ಮಾತ್ರ ಪತ್ರವನ್ನು ಮೊದಲಿಂದ ಕೊನೆವರೆಗೆ ಓದಿ ಹೇಳುತ್ತಾರೆ. ನಡುವೆ ಯಾರಾದರೂ "ಹೂಂ" ಎಂದರೆ, "ಏನು ಹೂಂ? ಏನರ್ಥ ಆಯ್ತು ಹೇಳಿ ನೋಡೋಣ" ಎಂದು ಮೇಷ್ಟರಂತೆ ಪಾಠ ಒಪ್ಪಿಸಿಕೊಳ್ಳುತ್ತಾರೆ. ಅವರು ಕನ್ನಡಕ ಒರೆಸಿ ಮುಗಿಸುವಷ್ಟರಲ್ಲಿ ಕೈಗೂಸು ನಡೆಯಲು ಕಲಿಯುತ್ತದೆ ಎಂಬುದು ಸಾಲಿನ ಹಳೆಯ ಮಾತು. ಅದೂ ಸಾಲದೆಂಬಂತೆ, ಕೊನೆಗೆ ಕಿಟಕಿ ಬಿಟ್ಟು ಹೊರಗೆ ಬಂದು ಮಗುವಿನ ಒಪ್ಪಿಗೆಯನ್ನೂ ಕೇಳುವ ಚಾಳಿ. ನಿನ್ನೆ, ಮಾತು ಬಾರದ, ಕತ್ತು ಸರಿಯಾಗಿ ನಿಲ್ಲದ ಹುಡುಗನೊಬ್ಬನ ಗಾಲಿಕುರ್ಚಿಯ ಮುಂದೆ ಮಂಡಿಯೂರಿದರು. "ನಿನ್ನ ಕಾಯಿಲೆ ವಿಷಯ ಆ ಆಫೀಸ್‌ನೋರಿಗೆ ಹೇಳ್ಲಾ, ಕಂದ?" "ಅವನಿಗೆ ಏನೂ ತಿಳಿಯಲ್ಲ ಮೇಡಂ," ಅಂದಳು ತಾಯಿ. ಬೆಳಗಿನಿಂದ ಕಿಟಕಿ ಕಿಟಕಿಗೂ ಅದನ್ನೇ ಹೇಳಿ ಅವಳ ದನಿ ಸೋತಿತ್ತು. "ಅವನ ವಿಷಯ ತಾನೇ ತಾಯಿ? ಕೇಳದೆ ಹೇಗೆ ಕೊಡ್ಲಿ?" ಎಂದು ನಿಧಾನಮ್ಮ ಕಾದರು. ಹುಡುಗ ಮುಖ ಆಚೆ ತಿರುಗಿಸಿದ. "ಈಗ ಬೇಡ ಅಂತಿದಾನೆ. ನೀವೂ ಸ್ವಲ್ಪ ಕೂತ್ಕೊಳ್ಳಿ, ಆಮೇಲೆ ಕೇಳೋಣ." ನಾವೆಲ್ಲ ಗೊಣಗಲು ಹೊರಟಿದ್ದೆವು. ಅಷ್ಟರಲ್ಲಿ ಆ ತಾಯಿ ಬೆಂಚಿನ ಮೇಲೆ ಕುಸಿದು ಕೂತು, ಮಗನ ಕಡೆ ಬಾಗಿ, ಮೆಲ್ಲಗೆ ಕೇಳಿದಳು: "ಯಾಕೋ, ಬೇಡ್ವಾ?"