ಹಗ್ಗ ಕಡಿದುಹೋದ ಹುಡುಗಿ

ನಕ್ಷತ್ರ ಅಂದರೆ ಉರಿಯುವ ಬೆಂಕಿ ಎಂದು ನನಗೆ ಗೊತ್ತಾದದ್ದು ಅರುವತ್ತಾರನೇ ವಯಸ್ಸಿನಲ್ಲಿ, ಟಿವಿಯಲ್ಲಿ ಮಕ್ಕಳ ಧಾರಾವಾಹಿ ನೋಡಿ. ಅಲ್ಲಿಯವರೆಗೆ ನನ್ನ ಪಾಲಿಗೆ ಅದು ಆಕಾಶದ ಒಂದು ಚುಕ್ಕಿ, ಅಷ್ಟೆ. ಐದನೇ ಕ್ಲಾಸಿಗೆ ಶಾಲೆ ಬಿಟ್ಟವಳಿಗೆ ಅದಕ್ಕಿಂತ ಹೆಚ್ಚು ಯಾರು ಹೇಳಿಕೊಡುತ್ತಾರೆ?

ಆ ಧಾರಾವಾಹಿ ಇಂಗ್ಲಿಷಿನದ್ದು. ಒಂದು ದೊಡ್ಡ ಹಡಗು ಆಕಾಶದ ಕತ್ತಲೆಯಲ್ಲಿ ಹೋಗುತ್ತಲೇ ಇರುತ್ತದೆ. ಒಳಗೆ ಏಳು ಮಕ್ಕಳು. ಹುಟ್ಟಿದ್ದು ಅಲ್ಲೇ, ಬೆಳೆದದ್ದೂ ಅಲ್ಲೇ. ಭೂಮಿಯನ್ನು ನೋಡಿದವರು ಒಬ್ಬರೂ ಇಲ್ಲ. ಮಣ್ಣು ಅಂದರೆ ಅವರಿಗೆ ಗಾಜಿನ ಭರಣಿಯಲ್ಲಿ ಇಟ್ಟ ಒಂದು ಹಿಡಿ ಪುಡಿ. ವರ್ಷಕ್ಕೊಮ್ಮೆ ಅದರ ಮುಚ್ಚಳ ತೆಗೆದು ಒಬ್ಬೊಬ್ಬರಾಗಿ ಮೂಸುತ್ತಾರೆ. ಅದನ್ನು ನೋಡಿದ ದಿನ ನಾನು ಅಂಗಳಕ್ಕೆ ಹೋಗಿ ಸುಮ್ಮನೆ ನಿಂತುಬಿಟ್ಟೆ. ದೇವರೇ, ಇಷ್ಟು ಮಣ್ಣು! ದಿನಾ ಗುಡಿಸಿ ಆಚೆ ಎಸೆಯುತ್ತಿದ್ದೆನಲ್ಲ!

ನೋಡುವವರು ನಾವಿಬ್ಬರೇ, ನಾನು ಮತ್ತು ನನ್ನ ಮಗಳ ಮಗಳು. ನಾನೂ ನನ್ನ ಗಂಡನೂ ಇರುವುದು ಮಗಳ ಮನೆಯಲ್ಲಿ, ಪುತ್ತೂರಿನಿಂದ ಬೆಟ್ಟಂಪಾಡಿಗೆ ಹೋಗುವ ಮಾರ್ಗದ ಬದಿ. ಮಗಳು ಪುತ್ತೂರಿನಲ್ಲಿ ನರ್ಸು. ಅವಳು ಡ್ಯೂಟಿ ಮುಗಿಸಿ ಬರುವವರೆಗೆ ಹುಡುಗಿ ನನ್ನ ಜೊತೆ.

ಹುಡುಗಿಗೆ ಹತ್ತು ವರ್ಷ. ಮಾತಿನಲ್ಲಿ ಉಗ್ಗು. ಮೊದಲನೇ ಅಕ್ಷರಕ್ಕೇ ನಾಲಗೆ ಸಿಕ್ಕಿಹಾಕಿಕೊಳ್ಳುತ್ತಿತ್ತು. ಶಾಲೆಯಲ್ಲಿ ಯಾರೋ ಅಣಕಿಸಿದ ಮೇಲೆ ಮಾತನ್ನೇ ಬಿಟ್ಟಳು. ಹೌದಾದರೆ ತಲೆ ಮೇಲೆ ಕೆಳಗೆ, ಅಲ್ಲವಾದರೆ ಅಡ್ಡಕ್ಕೆ. ಅಷ್ಟರಲ್ಲಿ ಮುಗಿಯದ್ದಕ್ಕೆ ಚೀಟಿ. ಧಾರಾವಾಹಿಯನ್ನು ನನಗೆ ತಿಳಿಸಿದ್ದೂ ಹಾಗೆಯೇ. ರಿಮೋಟಿನಿಂದ ಹಡಗನ್ನು ನಡುದಾರಿಯಲ್ಲಿ ನಿಲ್ಲಿಸುವುದು, ಚೀಟಿ ಬರೆದು ನನ್ನ ಕೈಗೆ ಕೊಡುವುದು. ‘ಹೊರಗೆ ಗಾಳಿ ಇಲ್ಲ.’ ‘ಇವಳಿಗೆ ಅಮ್ಮ ಇಲ್ಲ.’ ನಾನು ಅಕ್ಷರ ಕೂಡಿಸಿ ಓದಿ ಮುಗಿಸುವವರೆಗೆ ಆ ಮಕ್ಕಳೆಲ್ಲ ಬಾಯಿ ತೆರೆದದ್ದು ತೆರೆದ ಹಾಗೆಯೇ ಕಾಯುತ್ತಿದ್ದರು.

ನಾನು ಇಪ್ಪತ್ತೆಂಟು ವರ್ಷ ಅಂಗನವಾಡಿಯಲ್ಲಿ ಸಹಾಯಕಿಯಾಗಿದ್ದವಳು. ಬಾಯಿ ಬಿಡದ ಎಷ್ಟೋ ಮಕ್ಕಳನ್ನು ಮಡಿಲಲ್ಲಿ ಕೂರಿಸಿ ಮಾತಾಡಿಸಿದ್ದೇನೆ. ನಮ್ಮದೇ ಮಗುವಿನ ಎದುರು ಮಾತ್ರ ನನ್ನ ವಿದ್ಯೆ ನಡೆಯಲಿಲ್ಲ. ರಜೆ ಮುಗಿದ ಕೂಡಲೇ ಅವಳು ಹೊಸ ಶಾಲೆಗೆ ಸೇರಬೇಕಿತ್ತು. ಹೊಸ ಟೀಚರಿಗೆ ಹೆಸರು ಹೇಳುವಾಗಲೂ ಚೀಟಿ ಕೊಟ್ಟರೆ ಎಂತ ಮಾಡುವುದು? ಮಗಳು ಒಬ್ಬಳೇ ಇರುವಾಗ ಅಳುತ್ತಿದ್ದಳು. ನಾನು ನೋಡಿಯೂ ನೋಡದ ಹಾಗೆ ಇರುತ್ತಿದ್ದೆ.

ನನ್ನ ಗಂಡನಿಗೆ ಮಾತ್ರ ನಮ್ಮ ಪ್ರಯಾಣ ತಮಾಷೆ.

“ಎಂತ ಮಾರಾಯ್ತಿ, ಸುಳ್ಯ ದಾಟಿದ್ರೆ ಬಸ್ಸಲ್ಲಿ ವಾಂತಿ ಮಾಡುವವಳು ನೀನು. ಈಗ ನಕ್ಷತ್ರಕ್ಕೆ ಹೊರಟದ್ದಾ?”

“ಅಲ್ಲಿ ತಿರುವು ಇಲ್ಲ, ನೀವು ಸುಮ್ಮನಿರಿ,” ಎಂದೆ.

ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಸದ್ದಿಲ್ಲದ ನಗು.

ನಮ್ಮ ಕಡೆ ಪಗ್ಗು ತಿಂಗಳ, ಅಂದರೆ ಏಪ್ರಿಲ್ ನಡುವಿನ ವಿಷು ಹಬ್ಬ ಕಳೆದ ಮೇಲಿನ ಸಂಜೆಗಳಲ್ಲಿ ಗುಡುಗು ತಪ್ಪುವುದಿಲ್ಲ. ಮಳೆ ಬರಲಿ ಬಾರದಿರಲಿ, ದೂರದಲ್ಲಿ ಒಮ್ಮೆ ಗುಡುಗಿದರೆ ಹತ್ತಿರ ಇದ್ದವರು ಓಡಿಹೋಗಿ ಟಿವಿಯ ಪ್ಲಗ್ಗು, ವೈಫೈ ಡಬ್ಬಿಯ ವಯರು ಎರಡನ್ನೂ ಎಳೆದು ಹಾಕಬೇಕು. ಸಿಡಿಲಿಗೆ ಒಂದು ಟಿವಿಯನ್ನು ಒಪ್ಪಿಸಿದ ಮನೆ ನಮ್ಮದು. ಆದ್ದರಿಂದ ಆ ಕೆಲಸಕ್ಕೆ ನನ್ನ ಕೈ ನನ್ನನ್ನೂ ಕೇಳುವುದಿಲ್ಲ.

ಆ ದಿನ ಧಾರಾವಾಹಿಯಲ್ಲಿ ಒಬ್ಬಳು ಹುಡುಗಿ ಹಡಗಿನ ಹೊರಗೆ ಹೋಗಿದ್ದಳು. ಮುರಿದುಹೋದ ಏನನ್ನೋ ಸರಿಮಾಡಲಿಕ್ಕೆ. ಸೊಂಟಕ್ಕೆ ಹಗ್ಗ. ಕೆಳಗೆ ನೆಲ ಇಲ್ಲ, ಮೇಲೆ ಮಾಡು ಇಲ್ಲ, ಸುತ್ತ ಲೆಕ್ಕವಿಲ್ಲದಷ್ಟು ಬೆಂಕಿಚುಕ್ಕಿಗಳು. ದೇವರು ಇಷ್ಟು ದೊಡ್ಡದನ್ನು ಮಾಡಿ ಅದರ ನಡುವೆ ಇಷ್ಟು ಸಣ್ಣ ಮಕ್ಕಳನ್ನು ಇಟ್ಟನಲ್ಲ ಎಂದು ನನ್ನ ಮೈಯೆಲ್ಲ ಜುಮ್ಮೆಂದಿತು. ಅಷ್ಟರಲ್ಲಿ ಹಗ್ಗ ಕಡಿದುಹೋಯಿತು. ಹುಡುಗಿ ಕೈಕಾಲು ಬಡಿಯುತ್ತಾ ಹಡಗಿನಿಂದ ದೂರ, ದೂರ.

ಗುಡುಗಿತು. ನಾನು ಪ್ಲಗ್ಗು ಎಳೆದೆ.

ಎಳೆದ ಮೇಲೆ ನನ್ನ ಕೈಯನ್ನು ನಾನೇ ಬೈದೆ. ಇನ್ನೊಂದು ಸಿಡಿಲಿಗೆ ಇಡೀ ಊರಿನ ಕರೆಂಟು ಹೋಯಿತು. ಮೋಡ ಎಷ್ಟು ಕಪ್ಪಾಗಿತ್ತೆಂದರೆ ಆರು ಗಂಟೆಗೇ ಒಳಗೆ ಎದುರಿದ್ದವರ ಮುಖ ಕಾಣಿಸದು. ನನ್ನ ಕಣ್ಣೆದುರು ಮಾತ್ರ ಟಿವಿಯ ಆ ಹುಡುಗಿ ತೇಲುತ್ತಾ ಇದ್ದಳು.

“ಮಗಾ, ಅವಳು ಬದುಕುತ್ತಾಳಾ?”

ಹುಡುಗಿ ನನ್ನ ಪಕ್ಕಕ್ಕೆ ಸರಿದು ಕೂತಳು.

“ಹೇಳು ಮಗಾ. ನಿನಗೆ ಗೊತ್ತುಂಟಲ್ಲ, ನೀನು ಮೊದಲೇ ನೋಡಿದ್ದೀಯಲ್ಲ?” ನಾನು ಹಾಗೇ ತಿಳಿದುಕೊಂಡಿದ್ದೆ. ಇಂಗ್ಲಿಷು ಬರುವ ಮಗು, ಎಲ್ಲ ನೋಡಿ ಮುಗಿಸಿ ಈಗ ನನಗೋಸ್ಕರ ಇನ್ನೊಮ್ಮೆ ನೋಡುತ್ತಿದ್ದಾಳೆ ಎಂದು.

ಜಡೆಯ ತುದಿ ನನ್ನ ತೋಳಿಗೆ ತಾಗಿತು. ತಲೆ ಆಡಿಸಿದ್ದಳು.

“ಕತ್ತಲೆಯಲ್ಲಿ ತಲೆ ಆಡಿಸಿದ್ರೆ ನನಗೆ ಎಂತ ಗೊತ್ತಾಗುದು? ಹೌದಾ, ಅಲ್ಲವಾ?”

ಅಡುಗೆಮನೆಯಿಂದ ಗಂಡ ಟಾರ್ಚು ಹಿಡಿದು ಬಂದರು. “ಬೇಡ, ಆರಿಸಿ,” ಎಂದೆ. “ಎಂತದೂ ಕಾಣುದಿಲ್ಲವಲ್ಲ ಮಾರಾಯ್ತಿ!” “ಕಾಣುದು ಬೇಡ. ಕೂತುಕೊಳ್ಳಿ.” ಅವರು ಕೂತರು. ಆಗ ನನ್ನ ಪಕ್ಕದಿಂದ ಸಣ್ಣ ದನಿ ಬಂತು.

“ಬ... ಬ... ಬದುಕ್ತಾಳೆ.”

ನಾನು ಉಸಿರು ಬಿಡಲಿಲ್ಲ. ಬಿಟ್ಟರೆ ಮಾತು ಹಾರಿಹೋದೀತು ಎಂಬ ಹೆದರಿಕೆ.

“ಬೊಬ್ಬೆ ಹಾಕಿದ್ಲಾ?” ಎಂದು ಗಂಡ ಕೇಳಿದರು.

“ಹಾ... ಹಾಕಿದ್ರೂ ಕೇಳುದಿಲ್ಲ ಅಜ್ಜ. ಗಾ... ಗಾಳಿ ಇಲ್ಲ. ಅಲ್ಲಿ ಯಾ... ಯಾರ ಮಾತೂ ಯಾರಿಗೂ ಕೇಳುದಿಲ್ಲ. ಎ... ಎಲ್ಲರೂ ಒಂದೇ.”

ಹೇಳುತ್ತಾ ಹೋದಳು. ಒಂದೊಂದು ಮಾತೂ ಕಲ್ಲು ಸರಿಸಿ ಬರುವ ನೀರಿನ ಹಾಗೆ. ಆ ಹುಡುಗಿಯ ಬೆನ್ನಿಗೆ ಒಂದು ನೀರಿನ ಚೀಲ ಇತ್ತಂತೆ. ಅದರ ನಳಿಗೆಯನ್ನು ಹಡಗಿಗೆ ವಿರುದ್ಧ ದಿಕ್ಕಿಗೆ ತಿರುಗಿಸಿ ಚೀಲವನ್ನು ಹಿಂಡಿದಳಂತೆ. ನೀರು ಆ ಕಡೆ ಚಿಮ್ಮಿತು, ಅವಳು ಈ ಕಡೆ ಬಂದಳು. ನೀರು ಮುಗಿಯುವಾಗ ಬಾಗಿಲು ಒಂದು ಗೇಣು ದೂರ. ಒಳಗಿನವರಲ್ಲಿ ಎಲ್ಲರಿಗಿಂತ ಸಣ್ಣವನು ಕೈ ಚಾಚಿ ಅವಳ ಕಾಲಿನ ಹೆಬ್ಬೆರಳು ಹಿಡಿದುಕೊಂಡನಂತೆ.

“ಹೌದು ಹೌದು!” ಗಂಡ ತೊಡೆ ತಟ್ಟಿದರು. “ತೋಟದಲ್ಲಿ ಅಡಿಕೆಗೆ ಮದ್ದು ಬಿಡುವಾಗ ಪೈಪು ನಮ್ಮನ್ನು ಹಿಂದೆ ದೂಡುದಿಲ್ಲವಾ? ಅದೇ ಲೆಕ್ಕ. ಧಾರಾವಾಹಿ ಮಾಡಿದವರಿಗೆ ತಲೆ ಉಂಟು!”

ಕರೆಂಟು ಎರಡು ದಿನ ಬರಲಿಲ್ಲ. ಮಗಳಿಗೆ ಆಸ್ಪತ್ರೆಯಲ್ಲಿ ಬಿಡುವಿಲ್ಲ, ಮನೆಗೆ ಬಂದದ್ದೂ ಇಲ್ಲ. ಮರುದಿನ ಸಂಜೆಯೂ ಹುಡುಗಿ ನಮ್ಮಿಬ್ಬರನ್ನು ಕೂರಿಸಿ ಮುಂದಿನ ಕಥೆ ಹೇಳಿದಳು. ಆ ಮಾತನ್ನು ಕೇಳಿದ ಖುಷಿಗೆ ನಾನು ಅನ್ನಕ್ಕೆ ನೀರಿಡಲಿಕ್ಕೇ ಮರೆತೆ.

ಮೂರನೇ ದಿನ ಕರೆಂಟು ಬಂತು, ಮಗಳೂ ಬಂದಳು. ನಾಲ್ವರೂ ಟಿವಿ ಎದುರು ಕೂತೆವು. ಪರದೆಯಲ್ಲಿ ಆ ಹುಡುಗಿ ತೇಲುತ್ತಿದ್ದಾಳೆ. ಈಗ ಚೀಲ ಹಿಂಡುತ್ತಾಳೆ ಎಂದು ನಾನು ಮುಂದೆ ಬಾಗಿದೆ. ಹಡಗಿನಿಂದ ಒಂದು ಉದ್ದದ ಕಬ್ಬಿಣದ ಕೈ ಬಂತು, ಅವಳನ್ನು ಎತ್ತಿ ಒಳಗೆ ಹಾಕಿತು. ಮುಗಿಯಿತು.

“ಇದು ತಪ್ಪು!” ನಾನು ಎದ್ದು ನಿಂತೆ. “ನೀರಿನ ಚೀಲ ಎಲ್ಲಿ?”

“ಹೆಬ್ಬೆರಳು ಎಲ್ಲಿ?” ಎಂದರು ಗಂಡ. “ಮೋಸ ಇದು. ಕಟ್ ಮಾಡಿದ್ದಾರೆ.”

“ಎಂಥ ಚೀಲ? ನಿಮಗಿಬ್ಬರಿಗೆ ಎಂತ ಆಗಿದೆ?” ಎಂದು ಮಗಳು ಕೇಳಿದಳು.

ಹುಡುಗಿ ನಗುತ್ತಿದ್ದಳು. ಸದ್ದು ಮಾಡಿ, ಹೊಟ್ಟೆ ಹಿಡಿದುಕೊಂಡು.

“ಅ... ಅದು ನಾನು ಮಾಡಿದ್ದು ಅಜ್ಜಿ. ನಾನೂ ನೋ... ನೋಡಿರಲಿಲ್ಲ.”

ಹುಡುಗಿ ಮಾತು ಬಿಟ್ಟ ಮೇಲೆ ಮಗಳಿಗೆ ಆ ದನಿ ಕೇಳಿದ್ದು ಅದೇ ಮೊದಲು. ಕಬ್ಬಿಣದ ಕೈ ಮಾಡಲಿಕ್ಕೆ ಆ ಇಂಗ್ಲಿಷಿನವರಿಗೆ ಎಷ್ಟು ಜನ, ಎಷ್ಟು ಯಂತ್ರ ಬೇಕಾಗಿತ್ತೋ! ನನ್ನ ಮಗು ಏನೂ ಇಲ್ಲದೆ, ಕತ್ತಲೆಯಲ್ಲಿ ಕೂತು, ತೊಡರುವ ನಾಲಗೆಯಿಂದ ಒಂದು ಜೀವವನ್ನು ವಾಪಸು ತಂದಿದ್ದಳು. ನಕ್ಷತ್ರ ಬೆಂಕಿ ಎಂದು ತಿಳಿದಾಗಲೂ ನನಗೆ ಅಷ್ಟು ಬೆರಗಾಗಿರಲಿಲ್ಲ.

“ನನಗೂ ಹೇಳ್ತೀಯಾ?” ಎಂದಳು ಮಗಳು.

ಹುಡುಗಿ ಟಿವಿ ನಿಲ್ಲಿಸಿದಳು. ಟ್ಯೂಬ್‌ಲೈಟು ಉರಿಯುತ್ತಿತ್ತು, ಮೂವರೂ ಅವಳ ಮುಖವನ್ನೇ ನೋಡುತ್ತಿದ್ದೆವು. ಮೊದಲನೇ ಅಕ್ಷರಕ್ಕೆ ತುಂಬ ಹೊತ್ತು ಹಿಡಿಯಿತು. ಕುತ್ತಿಗೆಯ ನರ ಉಬ್ಬಿತು. ಕೊನೆಗೆ ಬಂತು, ಅದರ ಹಿಂದೆ ಉಳಿದವೂ ಬಂದವು. ಚೀಲ ಹಿಂಡುವಲ್ಲಿಗೆ ಬರುವಾಗ ಮಗಳಿಗೆ ತಡೆಯಲಿಲ್ಲ.

“ಆ ಚೀಲ ಅವಳಿಗೆ ಎಲ್ಲಿಂದ...”

“ನ... ನಡುವೆ ಮಾತಾಡ್ಬೇಡ ಅಮ್ಮ,” ಎಂದು ಹುಡುಗಿ ಗದರಿದಳು. “ಈ... ಈಗ ನಾನು ಹೇಳುದು.”