ನಾನು ಕಲಿಯದ ಲೆಕ್ಕ

ಖಾಲಿ ಕೋಣೆಯಿಂದ ಗಂಟೆ ಬಾರಿಸಿತು, ಸತ್ತ ರೋಗಿ ಕಾರಿಡಾರಿನಲ್ಲಿ ನಡೆದುಹೋದ ಎಂಬ ಕಥೆಗಳು ಎಲ್ಲ ಆಸ್ಪತ್ರೆಗಳಲ್ಲೂ ಇರುತ್ತವೆ. ಹುಬ್ಬಳ್ಳಿಯಲ್ಲಿ ನರ್ಸಿಂಗ್ ಕಲಿಯುವಾಗ ಕೇಳಿದ್ದೆ, ಆಕ್ಲೆಂಡಿಗೆ ಬಂದ ಮೇಲೂ ಕೇಳಿದೆ. ನಿದ್ದೆಗೆಟ್ಟವರ ಭ್ರಮೆ ಎಂದು ನಕ್ಕು ಬಿಡುತ್ತಿದ್ದೆ. ಇದನ್ನು ಓದಿ ನೀವೂ ನಕ್ಕರೆ ನನಗೆ ಬೇಸರವಿಲ್ಲ.

ಕೆಲವು ವರ್ಷಗಳ ಹಿಂದಿನ ಚಳಿಗಾಲ. ನಮ್ಮ ವಾರ್ಡಿಗೆ ತೊಮಾಸಾ ಎಂಬ ವೃದ್ಧೆ ನ್ಯುಮೋನಿಯಾದಿಂದ ದಾಖಲಾದರು. ಮಧ್ಯ ಅಮೆರಿಕದ ಗ್ವಾಟೆಮಾಲಾದ ಮಾಯಾ ಜನಾಂಗದವರು. ಆಕ್ಲೆಂಡಿನ ಪಾಪಟೋಟೊಯಿಯಲ್ಲಿ ಮಗಳು ಮಾರ್ತಾಳ ಜೊತೆಗಿದ್ದರು. ದಿನ ಎಣಿಸುವುದೇ ಅವರ ಕಾಯಕವಾಗಿತ್ತಂತೆ. ಮಾಯಾ ಪಂಚಾಂಗದಲ್ಲಿ ದಿನಗಳಿಗೆ ಇಪ್ಪತ್ತು ಹೆಸರುಗಳು, ಒಂದರಿಂದ ಹದಿಮೂರರ ತನಕ ಅಂಕಿಗಳು. ಎರಡೂ ಜೊತೆಯಾಗಿ ಸುತ್ತಿ ಇನ್ನೂರ ಅರವತ್ತು ದಿನಕ್ಕೆ ಮತ್ತೆ ಮೊದಲಿಗೆ ಬರುತ್ತವೆ. ಬೆಳಕು ಹರಿಯುತ್ತಲೇ ತೊಮಾಸಾ ಆ ದಿನದ ಹೆಸರು ಹೇಳಿ ಕೈಮುಗಿಯುತ್ತಿದ್ದರು. ಹಬೆಗಟ್ಟಿದ ಕಿಟಕಿಯ ಗಾಜಿನ ಮೇಲೆ ಬೆರಳಾಡಿಸಿ, ಒಂದಕ್ಕೆ ಚುಕ್ಕೆ, ಐದಕ್ಕೆ ಗೆರೆ ಎಂದು ನನಗೆ ತೋರಿಸಿದ್ದರು. ನಾನು ಕಲಿತದ್ದು ಅಷ್ಟೇ. ಹೆಸರುಗಳು ಒಂದೆರಡು ಕಿವಿಗೆ ಬಿದ್ದಿರಬಹುದು, ನೆನಪಿನಲ್ಲಿ ಒಂದೂ ಇರಲಿಲ್ಲ.

ಮೂರ್ನಾಲ್ಕು ದಿನಗಳಲ್ಲಿ ಅವರಿಗೆ ಪ್ರಜ್ಞೆ ತಪ್ಪಿತು. ಮಾರ್ತಾ ಹಾಸಿಗೆಯ ಪಕ್ಕ ಕುಳಿತು ಅತ್ತಳು. "ನಮ್ಮ ದೇಶದ ಅಂತರ್ಯುದ್ಧದ ಕಾಲದಲ್ಲಿ ಕಾಡಿನಲ್ಲಿ ಅಡಗಿದ್ದಾಗಲೂ ಅಮ್ಮ ಒಂದು ದಿನ ಬಿಟ್ಟವಳಲ್ಲ. ಇನ್ನು ಇಲ್ಲಿ ಎಣಿಸುವವರು ಯಾರು? ನನಗಂತೂ ಬರುವುದಿಲ್ಲ," ಎಂದಳು ಇಂಗ್ಲಿಷಿನಲ್ಲಿ.

ಮರುದಿನ ಫ್ಲ್ಯಾಟ್ ಬುಷ್‌ನ ನಮ್ಮ ಮನೆಯಲ್ಲಿ ಚಹಾ ಸೋಸುತ್ತಾ ನನ್ನ ಗಂಡ ಕೇಳಿದರು:

"ಬೆಳಿಗ್ಗೆ ನಿದ್ದ್ಯಾಗ ಏನ್ ಮಾತಾಡ್ತಿದ್ದಿ?"

"ನಾನಾ? ಏನಂದೆ ಹೇಳ್ರಿ."

"ಕನ್ನಡ ಅಲ್ಲ, ಇಂಗ್ಲಿಷೂ ಅಲ್ಲ. ಎದ್ದು ಕುಂತು ಕೈಮುಗದಿ. ಕಣ್ಣು ಮುಚ್ಚೇ ಇದ್ವು."

ದಣಿವಿರಬೇಕು ಎಂದುಕೊಂಡೆ. ಮರುದಿನವೂ ಹಾಗೇ ಆಯಿತು. ಅದರ ಮರುದಿನ ಅವರು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕೇಳಿಸಿದರು. ದನಿ ನನ್ನದೇ, ಮಾತು ನನ್ನದಲ್ಲ. 'ಹೋಬ್ ಕಾನಿಲ್' ಎಂದಿತ್ತು ಆ ದನಿ.

ಅಂದೇ ಬೆಳಿಗ್ಗೆ ಅದನ್ನು ಮಾರ್ತಾಳಿಗೆ ಕೇಳಿಸಿದೆ. ಅವಳು ಇನ್ನೊಮ್ಮೆ ಹಾಕಿಸಿ ಕೇಳಿದಳು. "ಐದು ಬೀಜ. ಇದು ಒಂದು ದಿನದ ಹೆಸರು," ಎಂದವಳೇ ಗ್ವಾಟೆಮಾಲಾದಲ್ಲಿರುವ, ಈ ಲೆಕ್ಕ ಬಲ್ಲ ಚಿಕ್ಕಮ್ಮನಿಗೆ ಫೋನ್ ಮಾಡಿದಳು. ನಮಗೆ ಬೆಳಗಾಗಿದ್ದರೂ ಅಲ್ಲಿ ಇನ್ನೂ ಹಿಂದಿನ ದಿನದ ಮಧ್ಯಾಹ್ನ. ಚಿಕ್ಕಮ್ಮ ಹೇಳಿದ್ದನ್ನು ಮಾರ್ತಾ ತಡವರಿಸುತ್ತ ನನಗೆ ತಿಳಿಸಿದಳು: "ಇಲ್ಲಿ ಇವತ್ತು ನಾಲ್ಕು ಜಿಂಕೆ. ಐದು ಬೀಜ ಬರುವುದು ನಾಳೆ. ಇಲ್ಲಿಗೆ ಬರುವ ಮೊದಲೇ ಅಲ್ಲಿ ಯಾರು ಹೇಳಿದರು ಅದನ್ನು?"

ಆಮೇಲೆ ನನಗೆ ಮಲಗಲು ಹೆದರಿಕೆಯಾಗತೊಡಗಿತು. ಎಷ್ಟು ತಡೆದರೂ ಬೆಳಗಿನ ಜಾವಕ್ಕೆ ಕಣ್ಣು ಮುಚ್ಚುತ್ತಿತ್ತು, ಬಾಯಿ ತೆರೆಯುತ್ತಿತ್ತು. ಅತ್ತ ತೊಮಾಸಾರ ಉಸಿರು ಕ್ಷೀಣಿಸುತ್ತಿತ್ತು. ಮನಸ್ಸು ಗಟ್ಟಿ ಮಾಡಿಕೊಳ್ಳುವಂತೆ ಡಾಕ್ಟರು ಮಾರ್ತಾಳಿಗೆ ಹೇಳಿದ್ದರು.

ಒಂದು ಬೆಳಿಗ್ಗೆ ನನ್ನ ಗಂಡ ನಿರಾಳವಾಗಿ, "ಇವತ್ತ ನೀ ಏನೂ ಅನ್ನಲಿಲ್ಲ ನೋಡು," ಎಂದರು. ಚಹಾ ಮುಟ್ಟದೆ ಕಾರು ಹತ್ತಿದೆ. ವಾರ್ಡಿನಲ್ಲಿ ಅವರ ಹಾಸಿಗೆಯ ಸುತ್ತ ಪರದೆ ಎಳೆದಿತ್ತು. ಪರದೆ ಯಾವಾಗ ಎಳೆಯುತ್ತೇವೆ ಎಂಬುದು ನನಗೆ ಗೊತ್ತಿಲ್ಲದ್ದೇ? ಸರಿಸಲು ಕೈ ಬರಲಿಲ್ಲ, ಕೊನೆಗೆ ಸರಿಸಿದೆ.

ತೊಮಾಸಾ ದಿಂಬಿಗೆ ಒರಗಿ ಕಿಟಕಿಯತ್ತ ಮುಖ ಮಾಡಿ ಕುಳಿತಿದ್ದರು. ಎರಡೂ ಕೈ ಮುಗಿದಿದ್ದವು. ನನ್ನನ್ನು ಕಂಡು ಮೆಲ್ಲನೆ ಏನೋ ಹೇಳಿದರು. ಪಕ್ಕದಲ್ಲಿ ಕುಳಿತಿದ್ದ ಮಾರ್ತಾ ಅದನ್ನು ನನಗೆ ಇಂಗ್ಲಿಷಿನಲ್ಲಿ ಹೇಳಿದಳು:

"ಇನ್ನು ಸಾಕಂತೆ. ಇವತ್ತಿನಿಂದ ತಾನೇ ಎಣಿಸಿಕೊಳ್ಳುತ್ತಾಳಂತೆ."

"ನನ್ನ ನಿದ್ದೆಯ ಮಾತಿನ ವಿಷಯ ನೀನು ಅಮ್ಮನಿಗೆ ಹೇಳಿದೆಯಾ?" ಎಂದು ಕೇಳಿದೆ. ಅವಳು ಇಲ್ಲವೆಂದು ತಲೆಯಾಡಿಸಿದಳು.

ಕೇಳಿದ್ದನ್ನೆಲ್ಲ ಮಿದುಳು ನಮಗೆ ಗೊತ್ತಿಲ್ಲದೆ ಇಟ್ಟುಕೊಂಡಿರುತ್ತದೆ ಎಂದು ಪರಿಚಯದ ಡಾಕ್ಟರೊಬ್ಬರು ವಿವರಿಸಿದರು. ಇರಬಹುದು. ಆದರೆ ನಾನು ಎಂದೂ ಕೇಳಿರದ ದಿನಗಳ ಹೆಸರನ್ನು ಅದು ಎಲ್ಲಿಂದ ತಂದಿತು? ತೊಮಾಸಾ ಚೇತರಿಸಿಕೊಂಡು ಗ್ವಾಟೆಮಾಲಾದ ತಮ್ಮ ಊರಿಗೆ ಮರಳಿದರು. ಇನ್ನೊಮ್ಮೆ ನಾನು ನಿದ್ದೆಯಲ್ಲಿ ಮಾತಾಡಿದರೆ ನನಗೆ ತಿಳಿಸಬೇಡಿ ಎಂದು ನನ್ನ ಗಂಡನಿಗೆ ಹೇಳಿದ್ದೇನೆ. ಇದುವರೆಗೆ ಅವರು ಏನೂ ಹೇಳಿಲ್ಲ.